ಎಡಗೈ ಕುಡುಗೋಲು

ಕುಲುಮೆಯಿಂದ ಎರಡು ಸದ್ದು ಬರುತ್ತವೆ. ಒಂದು ‘ಟಿಣ್’ ಅಂತ ಸಣ್ಣದು, ಇನ್ನೊಂದು ‘ಧಣ್’ ಅಂತ ದೊಡ್ಡದು. ಟಿಣ್ ಧಣ್, ಟಿಣ್ ಧಣ್. ದೂರದಿಂದ ಕೇಳುವವರಿಗೆ ಅವೆರಡೂ ಕೂಡಿ ಒಂದೇ ಸದ್ದು. ‘ಆಚಾರ್ರು ಕೆಲಸ ಶುರು ಮಾಡಿದ್ರು’ ಅಂದುಕೊಂಡು ತಮ್ಮ ಪಾಡಿಗೆ ಹೊಲದ ಕಡೆ ಹೋಗುತ್ತಾರೆ. ಆ ಮನೆಯೊಳಗೆ ಹುಟ್ಟಿದ ನನಗೆ ಮಾತ್ರ ಅವು ಎಂದೂ ಒಂದಾಗಿ ಕೇಳಿದ್ದಿಲ್ಲ. ಟಿಣ್ ಅಪ್ಪನದು. ಧಣ್ ಅವ್ವನದು.

ನಮ್ಮದು ನಾಗಮಂಗಲ ತಾಲ್ಲೂಕಿನ ಒಂದು ಸಣ್ಣ ಊರು. ನಾಗಮಂಗಲ ಲೋಹದ ವಿಗ್ರಹಗಳಿಗೆ ಹೆಸರಾದ ಜಾಗ. ಅಲ್ಲಿ ಎರಕ ಹೊಯ್ದ ದೇವರು ಗುಡಿ ಸೇರಿ ಪೂಜೆ ಮಾಡಿಸಿಕೊಳ್ಳುತ್ತಾನೆ. ನಮ್ಮದು ಕಬ್ಬಿಣ. ಆಯುಧಪೂಜೆಯ ದಿನ ಒಂದು ಕುಂಕುಮದ ಬೊಟ್ಟು, ಒಂದು ಚೆಂಡುಹೂವು. ಉಳಿದ ದಿನವೆಲ್ಲ ಗೇಯಬೇಕು. ಅಪ್ಪ ಮಾಡುವುದು ಕುಡುಗೋಲು, ಮಚ್ಚು, ಕೊಡಲಿ, ಕಳೆ ತೆಗೆಯುವ ಕುರ್ಪಿ. ಅದರಲ್ಲೂ ಹೆಚ್ಚು ಕುಡುಗೋಲು. ರಾಗಿ ಸೀಮೆಯಲ್ಲಿ ಕುಡುಗೋಲಿಲ್ಲದ ಮನೆ ಇರುವುದಿಲ್ಲ. ನಮ್ಮ ಮನೆಯಲ್ಲಂತೂ ಕುಡುಗೋಲಿಲ್ಲದ ಮೂಲೆಯೇ ಇರಲಿಲ್ಲ.

ಕುಡುಗೋಲು ಹುಟ್ಟುವುದು ಲಾರಿಯ ಪ್ಲೇಟಿನಿಂದ. ಲಾರಿಯ ಕೆಳಗೆ ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರಲ್ಲ, ಬಾಗಿದ ಪಟ್ಟಿಗಳು, ಅವು. ಮುರಿದ ಮೇಲೆ ಗುಜರಿಗೆ ಬರುತ್ತವೆ, ಅಲ್ಲಿಂದ ತೂಕದ ಲೆಕ್ಕದಲ್ಲಿ ನಮ್ಮ ಮನೆಗೆ. ಅಷ್ಟು ವರ್ಷ ಲಾರಿಯ ಭಾರ ಹೊತ್ತು, ಬಾಗಿ, ಮತ್ತೆ ನೆಟ್ಟಗಾದ ಉಕ್ಕು ಅದು. ಸಾದಾ ಕಬ್ಬಿಣಕ್ಕೆ ಎಷ್ಟು ನೀರು ಕುಡಿಸಿದರೂ ಅಂಚು ನಿಲ್ಲುವುದಿಲ್ಲ. ಈ ಪ್ಲೇಟಿಗೆ ನಿಲ್ಲುತ್ತದೆ. ಅಪ್ಪ ಅದನ್ನು ಉದ್ದುದ್ದ ಸೀಳಿ, ಒಲೆಯಲ್ಲಿಟ್ಟು, ತಿದಿಯ ಗಾಳಿಗೆ ಮಾವಿನಹಣ್ಣಿನ ಬಣ್ಣ ಬರುವವರೆಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಇಡುತ್ತಾರೆ. ಆಮೇಲೆ ಶುರುವಾಗುವುದು ಸುತ್ತಿಗೆಗಳ ಮಾತುಕತೆ.

ಅಪ್ಪನ ಸುತ್ತಿಗೆ ಚಿಕ್ಕದು. ಅದು ಕಬ್ಬಿಣವನ್ನು ಬಗ್ಗಿಸುವುದಕ್ಕಿಂತ ಹೆಚ್ಚಾಗಿ ‘ಇಲ್ಲಿ’ ಅಂತ ತೋರಿಸುತ್ತದೆ. ಅದು ಮುಟ್ಟಿದ ಕಡೆ, ಮರುಕ್ಷಣ, ಅವ್ವನ ಸಮ್ಮಟಿಗೆ ಬೀಳಬೇಕು. ಅಪ್ಪ ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ತಟ್ಟಿದರೆ ಜೋರಾಗಿ. ಬರೀ ಅಡಿಗಲ್ಲಿನ ಮೇಲೆ ಎರಡು ಸಲ ತಟ್ಟಿದರೆ ‘ಸಾಕು, ನಿಲ್ಲಿಸು’ ಅಂತ. ಇಡೀ ದಿನ ಇಬ್ಬರೂ ಬಾಯಿ ಬಿಡದೆ ಕೆಲಸ ಮಾಡುತ್ತಿದ್ದರು. ಮಾತಾಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಮೊದಲು ಸಮ್ಮಟಿಗೆ ಹೊಡೆಯುತ್ತಿದ್ದವರು ಚಿಕ್ಕಪ್ಪ. ನಾನು ಒಂದು ವರ್ಷದ ಕೂಸಾಗಿದ್ದಾಗ ಅವರು ಬೆಂಗಳೂರಿಗೆ ಹೋಗಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿಕೊಂಡರು. ಅದು ಕುಯ್ಲಿನ ಕಾಲ. ಕೂಲಿಗೆ ಒಬ್ಬನನ್ನು ಇಟ್ಟುಕೊಂಡರೆ ಉಳಿಯುವುದು ಅವನ ಕೂಲಿಯಷ್ಟೇ. ಎರಡು ದಿನ ಅಪ್ಪ ಒಬ್ಬರೇ ಒದ್ದಾಡಿದರಂತೆ. ಮೂರನೆಯ ದಿನ ಅವ್ವ ನನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಕೆಜಿಯ ಸಮ್ಮಟಿಗೆ ಎತ್ತಿದಳು. ಒಂದು ಕುಯ್ಲು ಮುಗಿಯುವ ತನಕ ಅಂತ ಎತ್ತಿದ್ದು. ಇಳಿಸಿದ್ದು 29 ವರ್ಷದ ಮೇಲೆ.

ಅವ್ವ ಎಡಚಿ. ಊಟಕ್ಕೆ, ಅರಿಶಿನ ಕುಂಕುಮಕ್ಕೆ, ಯಾರಿಗಾದರೂ ಏನಾದರೂ ಕೊಡುವುದಕ್ಕೆ ಬಲಗೈ ಬಳಸಬೇಕೆಂದು ತವರಲ್ಲಿ ಹೊಡೆದು ಕಲಿಸಿದ್ದರು. ಹಾಗೆ ಕಲಿತದ್ದು ಹತ್ತು ಜನರ ಎದುರಿಗೆ ಮಾತ್ರ. ಗೇಯುವಾಗ ಕೈ ತಾನಾಗಿಯೇ ಎಡಕ್ಕೆ ತಿರುಗುತ್ತಿತ್ತು. ಮದುವೆಯಾದ ಮೊದಲ ವರ್ಷ ಮುಯ್ಯಾಳಾಗಿ ರಾಗಿ ಕುಯ್ಯಲು ಹೋದವಳು ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಳಂತೆ. ಸಾಯಂಕಾಲ ಬಲಗೈ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಳಂತೆ. ‘ಕಮ್ಮಾರರ ಮನೆ ಸೊಸೆಗೆ ಕುಡುಗೋಲು ಹಿಡಿಯಕ್ಕೆ ಬರಲ್ಲ’ ಅಂತ ಹೆಂಗಸರು ನಕ್ಕರಂತೆ.

ಅಪ್ಪ ಬೆರಳು ನೋಡಿದರು. ಗಾಯ ಬಲಗೈಗೆ ಆಗಿದೆ ಅಂದರೆ ಕುಡುಗೋಲು ಎಡಗೈಯಲ್ಲಿತ್ತು ಅಂತ ಅವರಿಗೆ ಹೊಳೆಯಿತು.

ರಾಗಿ ಕುಯ್ಯುವ ಕುಡುಗೋಲಿನ ಗುಟ್ಟೇ ಅದು. ನೋಡುವವರಿಗೆ ಎರಡೂ ಮುಖ ಒಂದೇ ಥರ ಕಾಣುತ್ತದೆ. ಆದರೆ ಕಕ್ಕು, ಅಂದರೆ ಹಲ್ಲು, ಹಾಕುವುದು ಒಂದು ಮುಖಕ್ಕೆ ಮಾತ್ರ. ಚಾಣದಿಂದ ಒಂದೊಂದೇ ಗೀಟು ಒತ್ತೊತ್ತಾಗಿ ಹೊಡೆದು, ಇನ್ನೊಂದು ಮುಖವನ್ನು ಸಾಣೆಗೆ ಹಿಡಿದು ಸವೆಸಿದರೆ ಅಂಚಿನಲ್ಲಿ ಹಲ್ಲು ಏಳುತ್ತದೆ. ಮತ್ತೆ ಮೊಂಡಾದರೆ ಆ ಮುಖವನ್ನೇ ಸವೆಸಬೇಕು, ಹೊಸ ಹಲ್ಲು ಬರುತ್ತದೆ. ಹಿಡಿಯ ಹತ್ತಿರ ಅಲಗನ್ನು ಒಂದಿಷ್ಟು ಬಾಗಿಸಿರುತ್ತಾರೆ, ಬುಡಕ್ಕೆ ಕುಯ್ಯುವಾಗ ಗೆಣ್ಣು ನೆಲಕ್ಕೆ ತರಚಬಾರದು ಅಂತ. ಇದೆಲ್ಲ ಬಲಗೈಯ ಲೆಕ್ಕ. ಅದೇ ಕುಡುಗೋಲನ್ನು ಎಡಗೈಯಲ್ಲಿ ಹಿಡಿದರೆ ಮೇಲಿನದು ಕೆಳಗಾಗುತ್ತದೆ. ಅಲಗು ರಾಗಿಯ ತೆಂಡೆಯನ್ನು ಕಚ್ಚುವ ಬದಲು ಅದರ ಮೇಲೆ ಹತ್ತಿ, ತೆಂಡೆ ಹಿಡಿದ ಕೈಗೆ ಬರುತ್ತದೆ.

ಆ ರಾತ್ರಿಯೇ ಅಪ್ಪ ಒಲೆ ಹೊತ್ತಿಸಿ ಒಂದು ಕುಡುಗೋಲು ಮಾಡಿದರು. ಕಕ್ಕು ಆಚೆ ಮುಖಕ್ಕೆ, ಬಾಗು ಆಚೆ ದಿಕ್ಕಿಗೆ. ಅವ್ವ ಮರುದಿನ ಅದನ್ನು ತೆಗೆದುಕೊಂಡು ಹೋಗಿ, ನಕ್ಕ ಹೆಂಗಸರನ್ನೆಲ್ಲ ಹಿಂದೆ ಬಿಟ್ಟು, ಸಾಲು ಮುಗಿಸಿ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳಂತೆ. ‘ಸೀರೆ ನಮ್ಮಪ್ಪ ತಂದಿದ್ದು, ತಾಳಿ ನಿಮ್ಮಜ್ಜಿ ಮಾಡ್ಸಿದ್ದು. ನಿಮ್ಮಪ್ಪ ತಾನಾಗೇ ಕೊಟ್ಟಿದ್ದು ಅಂದ್ರೆ ಇದೊಂದೇ ಕಣವ್ವ’ ಅಂತ ಹೇಳಿ ನಗುತ್ತಿದ್ದಳು. ಆ ಕುಡುಗೋಲು ಸವೆದು ಸವೆದು ಈಗ ಬೆರಳಗಲ ಉಳಿದಿದೆ. ಸೊಪ್ಪು ಕುಯ್ಯಲು ಇಟ್ಟುಕೊಂಡಿದ್ದಾಳೆ.

ಮಾಡುವುದು ಅರ್ಧ ಕೆಲಸ. ಉಳಿದರ್ಧ ಸಂತೆಯಲ್ಲಿ. ಅಪ್ಪನಿಗೆ ಮಾರಲು ಬರುತ್ತಿರಲಿಲ್ಲ. ಗಿರಾಕಿ 150 ರೂಪಾಯಿಯ ಕುಡುಗೋಲನ್ನು 80ಕ್ಕೆ ಕೇಳಿದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಮಾತು ನಿಲ್ಲುತ್ತಿತ್ತು, ಮಾತು ನಿಂತರೆ ಗಿರಾಕಿ ಎದ್ದು ಹೋಗುತ್ತಿದ್ದ. ಹಾಗಾಗಿ ಗೋಣಿಚೀಲ ಹಾಸಿ ಅದರ ಮುಂದೆ ಕೂರುತ್ತಿದ್ದುದು ಅವ್ವ. ರಜೆಯಲ್ಲಿ ನಾನೂ ಪಕ್ಕದಲ್ಲಿ. ಮುಂದಿನ ಸಾಲಿಗೆ ಕುಡುಗೋಲು, ಹಿಂದಕ್ಕೆ ಮಚ್ಚು, ಕೊಡಲಿ ಒಂದು ಪಕ್ಕಕ್ಕೆ. ಬೋಣಿ ಆಗುವವರೆಗೆ ಅವ್ವ ನೀರನ್ನೂ ಕುಡಿಯುತ್ತಿರಲಿಲ್ಲ.

ಕುಡುಗೋಲು ಕೊಳ್ಳಲು ಬಂದವರು ಮೊದಲು ಉಗುರಿನಿಂದ ಅಲಗನ್ನು ಚಿಮ್ಮಿ ಸದ್ದು ಕೇಳುತ್ತಾರೆ. ಸದ್ದು ನಿಂತು ಮೊಳಗಬೇಕು. ಒಡಕು ದನಿ ಬಂದರೆ ನೀರಿಗೆ ಹಾಕುವಾಗ ಎಲ್ಲೋ ಬಿರುಕು ಬಿಟ್ಟಿದೆ ಅಂತ. ಆಮೇಲೆ ಹೆಬ್ಬೆರಳನ್ನು ಅಂಚಿಗೆ ಅಡ್ಡಲಾಗಿ ಸವರುತ್ತಾರೆ. ಕೊನೆಗೆ ಗಾಳಿಯಲ್ಲಿ ಒಂದು ಸಲ ಬೀಸುತ್ತಾರೆ. ಅವ್ವ ಅದ್ಯಾವುದನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಇರುತ್ತಿದ್ದುದು ಬಂದವರು ಯಾವ ಕೈಯಲ್ಲಿ ಕುಡುಗೋಲು ಎತ್ತುತ್ತಾರೆ ಅನ್ನುವುದರ ಮೇಲೆ. ಯಾರಾದರೂ ಎಡಗೈ ಚಾಚಿ, ತಟ್ಟನೆ ನೆನಪಾಗಿ ಬಲಗೈಗೆ ಬದಲಾಯಿಸಿದರೆ ಸಾಕು, ಅವ್ವ ಚೀಲದ ತಳಕ್ಕೆ ಕೈ ಹಾಕುತ್ತಿದ್ದಳು. ಅಲ್ಲಿ ಯಾವಾಗಲೂ ಎರಡು ಎಡಗೈ ಕುಡುಗೋಲು ಇರುತ್ತಿದ್ದವು.

‘ಇದ ಹಿಡಿ ನೋಡವ್ವ.’

‘ಇದೂ ಅಂಥದ್ದೇ ಅಲ್ವಾ?’

‘ಹಿಡಿದು ನೋಡು ಅಂದೆ.’

ಹಿಡಿದವರ ಮುಖ ನೋಡಬೇಕಿತ್ತು. ಒಬ್ಬ ಹುಡುಗಿ, ನನ್ನದೇ ವಯಸ್ಸು, ಅದನ್ನು ಎಡಗೈಯಲ್ಲಿ ಹಿಡಿದು ಎರಡು ಸಲ ಬೀಸಿ, ‘ಇದು ನಂಗೇ ಮಾಡಿದ್ದಾ?’ ಅಂತ ಕೇಳಿದ್ದಳು. ಅವ್ವ ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳುತ್ತಿರಲಿಲ್ಲ. ಅಪ್ಪನಿಗೆ ಅಂಥದ್ದೊಂದು ಮಾಡಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು; ಕೈಗೆ ರೂಢಿಯಾದದ್ದನ್ನೆಲ್ಲ ತಿರುಗುಮುರುಗು ಮಾಡಬೇಕಲ್ಲ. ‘ವರ್ಷಕ್ಕೆ ಹತ್ತು ಹೋಗಲ್ಲ, ಯಾಕೆ ಬೇಕು’ ಅಂತ ಅಪ್ಪ ಗೊಣಗಿದರೆ ಅವ್ವ ಹೇಳುತ್ತಿದ್ದುದು ಒಂದೇ ಮಾತು: ‘ಆ ಹತ್ತು ಜನಕ್ಕೆ ಇನ್ಯಾರು ಮಾಡ್ಕೊಟ್ಟಾರು?’

ಈಗ ಅದೇ ಸಂತೆಯಲ್ಲಿ ನಾಲ್ಕು ಹೆಜ್ಜೆ ಆಚೆಗೆ ಕಾರ್ಖಾನೆಯ ಕುಡುಗೋಲು ಮಾರುವವರು ಕೂರುತ್ತಾರೆ. ತಗಡಿನಲ್ಲಿ ಒತ್ತಿ ತೆಗೆದ ಅಲಗು, ಬಣ್ಣದ ಹಿಡಿ, 70 ರೂಪಾಯಿ. ಒಂದು ಕುಯ್ಲಿಗೆ ಸಾಕು, ಮೊಂಡಾದರೆ ಎಸೆಯುವುದು. ಅಂಥವು ಎಲ್ಲವೂ ಬಲಗೈಯವರಿಗೇ. ಅದನ್ನು ಮಾರುವವನ ಮೇಲೆ ನಮಗೆ ಸಿಟ್ಟಿಲ್ಲ, ಅವನಿಗೂ ಸಂಸಾರವಿದೆ. ಕೊಳ್ಳುವವರ ಮೇಲೂ ಇಲ್ಲ. ರಾಗಿ ಕುಯ್ಯುವ ಯಂತ್ರ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವಾಗ, ಅದು ಹೋಗದ ಮೂಲೆಯಲ್ಲಿ ಮಾತ್ರ ಕುಡುಗೋಲು ಬೇಕಾಗುವಾಗ, 150 ರೂಪಾಯಿ ಯಾಕೆ ಕೊಡಬೇಕು? ಈಗ ನಮ್ಮ ಮನೆ ನಡೆಯುವುದು ಹೆಚ್ಚಾಗಿ ಎಳನೀರಿನ ಮಚ್ಚಿನಿಂದ. ಮದ್ದೂರಿನ ಎಳನೀರು ಮಾರುಕಟ್ಟೆ ಬೆಳೆದಂತೆ ಕೆತ್ತುವ ಮಚ್ಚಿಗೂ ಗಿರಾಕಿ ಬೆಳೆದರು. ರಸ್ತೆ ಬದಿಯಲ್ಲಿ ದಿನವಿಡೀ ಕೆತ್ತುವವನಿಗೆ ತಗಡಿನ ಮಚ್ಚು ಆಗಿಬರುವುದಿಲ್ಲ.

ಅಜ್ಜನ ಕಾಲದಲ್ಲಿ ಮಾರಾಟವೇ ಇರಲಿಲ್ಲವಂತೆ. ಆಯ ಇತ್ತು. ವರ್ಷವಿಡೀ ಗುಳ ತಟ್ಟಿಕೊಡು, ಕುಡುಗೋಲಿಗೆ ಕಕ್ಕು ಹಾಕಿಕೊಡು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ರಾಗಿ ಅಳೆದು ಹಾಕುತ್ತಿದ್ದರು. ಅದನ್ನು ಕೇಳುವಾಗ ಎಲ್ಲವೂ ಚೆಂದ ಅನ್ನಿಸುತ್ತದೆ. ಆದರೆ ಕಣದ ಅಂಚಿನಲ್ಲಿ ಕಾಯುತ್ತ ನಿಂತ ನೆನಪು ಅಪ್ಪನಿಗೆ ಚೆಂದದ್ದಲ್ಲ. ‘ಕೊಟ್ಟಷ್ಟು ಈಸ್ಕೊಂಡು ಬರೋದು, ಕಮ್ಮಿ ಆಯ್ತು ಅನ್ನಂಗಿಲ್ಲ’ ಅನ್ನುತ್ತಾರೆ. ಸಂತೆಯಲ್ಲಿ ಬೆಲೆ ಹೇಳಬಹುದು. ಚೌಕಾಸಿಯಲ್ಲಿ ಸೋತರೂ ಹೇಳಿದ್ದು ನಾವೇ. ಆಯದ ಒಂದು ಚೂರು ಮಾತ್ರ ಇನ್ನೂ ಉಳಿದಿದೆ, ಸಾಲದ ರೂಪದಲ್ಲಿ. ಕುಡುಗೋಲು ಈಗ, ದುಡ್ಡು ರಾಗಿ ಮಾರಿದ ಮೇಲೆ. 2023ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಕಡೆ ರಾಗಿ ತೆನೆ ಕಟ್ಟುವ ಮೊದಲೇ ಒಣಗಿತು. ಕುಯ್ಯಲು ಬೆಳೆ ಇಲ್ಲದವರು ಕುಡುಗೋಲಿನ ಬಾಕಿ ಎಲ್ಲಿಂದ ತರುತ್ತಾರೆ? ಅವ್ವ ಕೇಳಲು ಹೋಗಲಿಲ್ಲ. ಆ ವರ್ಷದ ಬಾಕಿಯ ಚೀಟಿ ಈಗಲೂ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.

ಇಷ್ಟೆಲ್ಲ ಬರೆಯುತ್ತಿರುವ ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಕನ್ನಡ ಪಾಠ ಮಾಡುತ್ತೇನೆ. ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸದ ಪುಸ್ತಕ ಸಿಕ್ಕಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲೆಲ್ಲ ತಿರುಗಿ 1807ರಲ್ಲಿ ಅದನ್ನು ಅಚ್ಚು ಹಾಕಿಸಿದವನು ಅವನು. ಚನ್ನರಾಯನದುರ್ಗ, ಮಧುಗಿರಿ ಕಡೆಯ ಕಬ್ಬಿಣ ಉಕ್ಕಿನ ಕುಲುಮೆಗಳ ಬಗ್ಗೆ ಬರೆಯುತ್ತ, ಎಷ್ಟು ಜನ ಕೆಲಸಕ್ಕೆ ಬೇಕು, ಬಂದದ್ದನ್ನು ಹೇಗೆ ಹಂಚಿಕೊಳ್ಳುತ್ತಾರೆ ಅನ್ನುವುದನ್ನೆಲ್ಲ ಲೆಕ್ಕ ಹಾಕಿದ್ದಾನೆ. ಓದಿ ಖುಷಿಯಾಗಿ ಗೆಳತಿಯರಿಗೆ ತೋರಿಸಿದ್ದೆ. ನಮ್ಮ ಮನೆಯ ಕುಲುಮೆಯಲ್ಲಿ ಎಷ್ಟು ಜನ ಅಂತ ಅವರಲ್ಲೊಬ್ಬಳು ಕೇಳಿದಳು. ‘ಅಪ್ಪ ಒಬ್ಬರೇ’ ಅಂದುಬಿಟ್ಟೆ.

ಅದು ಬಾಯಿತಪ್ಪಿ ಬಂದ ಮಾತಲ್ಲ. ಹೈಸ್ಕೂಲಿನಿಂದಲೂ ನಾನು ತುಂಬಿದ ಅರ್ಜಿಗಳಲ್ಲಿ ತಂದೆಯ ಉದ್ಯೋಗ ‘ಕಮ್ಮಾರಿಕೆ’, ತಾಯಿಯ ಉದ್ಯೋಗ ‘ಗೃಹಿಣಿ’. ಹಾಸ್ಟೆಲಿನ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಪಿ.ಯು., ಬಿ.ಎ., ಎಲ್ಲದರಲ್ಲೂ. ಅಪ್ಪನ ಕಸುಬಿನ ಬಗ್ಗೆ ನನಗೆ ನಾಚಿಕೆ ಇರಲಿಲ್ಲ. ಕಮ್ಮಾರ ಅಂದರೆ ಕೇಳುವವರಿಗೆ ಕಥೆಯಲ್ಲಿ ಬರುವವನ ಹಾಗೆ ಒಂದು ಗತ್ತು. ಆದರೆ ಅವ್ವ ಸಮ್ಮಟಿಗೆ ಹೊಡೆಯುತ್ತಾಳೆ ಅಂದರೆ ಕೇಳಿದವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಒಂದು ಸಲ ಹಾಸ್ಟೆಲಿಗೆ ನನ್ನನ್ನು ನೋಡಲು ಬಂದಾಗ ಅವ್ವನ ರವಿಕೆಯ ತೋಳು ಬಿಗಿಯಾಗಿ, ಮುಂಗೈಯ ನರ ಎದ್ದು ಕಾಣುತ್ತಿತ್ತು. ‘ಸೆರಗು ಹೊದ್ಕೋ ಅವ್ವ, ಚಳಿ ಇದೆ’ ಅಂದೆ. ಅದು ಏಪ್ರಿಲ್ ತಿಂಗಳು. ಅವ್ವ ಏನೂ ಅನ್ನದೆ ಹೊದ್ದುಕೊಂಡಳು. ಆಮೇಲೆ ಮತ್ತೆ ಹಾಸ್ಟೆಲಿಗೆ ಬರಲಿಲ್ಲ; ಬಸ್‌ಸ್ಟ್ಯಾಂಡಿಗೇ ನನ್ನನ್ನು ಕರೆಸಿಕೊಳ್ಳುತ್ತಿದ್ದಳು.

2024ರ ಆಗಸ್ಟಿನಲ್ಲಿ ಅವ್ವನ ಎಡಭುಜ ಹಿಡಿದುಕೊಂಡಿತು. ಕೈ ಮೇಲೆತ್ತಲು ಆಗುತ್ತಿರಲಿಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಮಂಡ್ಯಕ್ಕೆ ಕರೆದುಕೊಂಡು ಹೋದೆ. ಮೂಳೆ ಡಾಕ್ಟರು ಒಳ್ಳೆಯವರು, ಸಮಾಧಾನವಾಗಿ ಕೇಳಿದರು.

‘ಏನು ಕೆಲಸ ಮಾಡ್ತೀರಮ್ಮಾ?’

‘ಮನೇಲೇ ಇರ್ತೀನಿ ಸಾರ್’ ಅಂದಳು ಅವ್ವ.

ನಾನು ಪಕ್ಕದಲ್ಲೇ ಇದ್ದೆ. ತಿದ್ದಬಹುದಿತ್ತು, ತಿದ್ದಲಿಲ್ಲ. ನಾನೇ ಇಷ್ಟು ವರ್ಷ ಬರೆದುಕೊಟ್ಟ ಉತ್ತರ ಅದು. ಅವ್ವ ಅದನ್ನು ಎಲ್ಲಿ ಕಲಿತಳು ಅಂತ ಯಾರನ್ನು ಕೇಳಲಿ? ಈ ವಯಸ್ಸಿನ ಹೆಂಗಸರಿಗೆ ಭುಜ ಬಿಗಿಯುವುದು ಇದ್ದದ್ದೇ ಅಂತ ಹೇಳಿ ಡಾಕ್ಟರು ಮಾತ್ರೆ ಬರೆದರು, ಗೋಡೆಗೆ ಬೆರಳಿಟ್ಟು ಮೇಲಕ್ಕೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು, ತುಂಬಿದ ಕೊಡ ಎತ್ತಬೇಡಿ ಅಂದರು. ಅವ್ವ ಮಾತ್ರೆ ನುಂಗಿದಳು, ಗೋಡೆ ಹತ್ತಿಸಿದಳು, ಕೊಡ ಎತ್ತಲಿಲ್ಲ. ಸಮ್ಮಟಿಗೆ ಎತ್ತಬೇಡಿ ಅಂತ ಯಾರೂ ಹೇಳಿರಲಿಲ್ಲವಲ್ಲ. ದಸರಾ ಹೊತ್ತಿಗೆ ಕೈ ತಲೆ ಬಾಚಿಕೊಳ್ಳಲೂ ಏಳದಂತಾಯಿತು.

ಎರಡನೆಯ ಸಲ ಹೋದಾಗ ಅವ್ವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ‘ಡಾಕ್ಟ್ರೇ, ನಮ್ಮದು ಕುಲುಮೆ. ಅವ್ವ ಸಮ್ಮಟಿಗೆ ಹೊಡೀತಾರೆ. 29 ವರ್ಷ ಆಯ್ತು. ಎಡಗೈ ಮುಂದಿಟ್ಟು ಹೊಡೀತಾರೆ.’

ಡಾಕ್ಟರು ಪೆನ್ನು ಕೆಳಗಿಟ್ಟರು. ಸಮ್ಮಟಿಗೆ ಎಷ್ಟು ಭಾರ ಅಂತ ಕೇಳಿದರು. ನಾಲ್ಕು ಕೆಜಿ. ಒಂದು ಕುಡುಗೋಲಿಗೆ ಎಷ್ಟು ಪೆಟ್ಟು? ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಮೂರು ಸಲ ಕಾಯಿಸಬೇಕು, ಒಂದೊಂದು ಕಾವಿಗೆ ಇಪ್ಪತ್ತೈದರ ಹತ್ತಿರ. ದಿನಕ್ಕೆ ಎಷ್ಟು ಕುಡುಗೋಲು? ಕುಯ್ಲಿನ ಕಾಲದಲ್ಲಿ ಹದಿನೈದು. ಡಾಕ್ಟರು ಚೀಟಿಯ ಮೂಲೆಯಲ್ಲಿ ಗುಣಿಸಿದರು. ಸಾವಿರದ ನೂರರ ಮೇಲೆ ಬಂತು. ಆ ಸಂಖ್ಯೆಯ ಕೆಳಗೆ ಒಂದು ಗೆರೆ ಎಳೆದು, ‘ಇದನ್ನ ಮೊದಲೇ ಹೇಳಬಾರದಿತ್ತಾ ಅಮ್ಮಾ’ ಅಂದರು. ಬೈದ ಹಾಗೆ ಇರಲಿಲ್ಲ. ಸ್ಕ್ಯಾನ್ ಮಾಡಿಸಿದ ಮೇಲೆ ಭುಜದ ಸ್ನಾಯು ಹರಿದಿಲ್ಲ, ಸವೆದಿದೆ ಅಂತ ಗೊತ್ತಾಯಿತು. ಎರಡು ತಿಂಗಳು ಸಮ್ಮಟಿಗೆ ಮುಟ್ಟುವ ಹಾಗಿಲ್ಲ. ಆಮೇಲೂ ಮೊದಲಿನ ಹಾಗೆ ಆಗುವುದಿಲ್ಲ.

ಬಸ್ಸಿನಲ್ಲಿ ಅವ್ವ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಕೇಳಿದಳು: ‘ಅವರು ನಗಲಿಲ್ಲ ಅಲ್ವಾ?’

ಅದೇ ವಾರ ಇನ್ನೊಂದು ಅರ್ಜಿ ತುಂಬುವ ಕೆಲಸ ಬಂತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯದು. ಹದಿನೆಂಟು ಕಸುಬಿನವರಿಗೆ ತರಬೇತಿ, 15,000 ರೂಪಾಯಿಯ ಸಲಕರಣೆಯ ನೆರವು, ಐದು ಪರ್ಸೆಂಟ್ ಬಡ್ಡಿಗೆ ಸಾಲ. ಕಮ್ಮಾರಿಕೆಯೂ ಪಟ್ಟಿಯಲ್ಲಿದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಕಂಪ್ಯೂಟರ್ ಅಂಗಡಿಯ ಹುಡುಗ ‘ಯಾರ ಹೆಸರು ಹಾಕ್ಲಿ ಮೇಡಂ?’ ಅಂದಾಗ ನಾನು ಒಂದು ಕ್ಷಣವೂ ತಡೆಯದೆ ಅವ್ವನ ಹೆಸರು ಹೇಳಿದೆ. ಇಷ್ಟು ವರ್ಷದ ‘ಗೃಹಿಣಿ’ಯನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಡುವ ಉಮೇದು ನನಗೆ.

ಅವ್ವ ಒಪ್ಪಲಿಲ್ಲ. ‘ನಿಮ್ಮಪ್ಪಂದೇ ಹಾಕು’ ಅಂದಳು.

ಅಂಗಡಿಯ ಹೊರಗೆ ನಿಂತು ಜಗಳ ಆಡಿದೆವು. ನಿನ್ನ ಕೆಲಸಕ್ಕೆ ಒಂದು ಹೆಸರು ಬೇಡವಾ, ಎಲ್ಲೂ ಒಂದು ಕಡೆ ಬರೆದಿರಬೇಡವಾ ಅಂತ ನಾನು. ಅವ್ವ ಕೇಳುವಷ್ಟು ಕೇಳಿ ಹೇಳಿದಳು. ‘ಹೆಸರು ಬರೆದ್ರೆ ಸಾಲಾನೂ ನನ್ ಹೆಸರಿಗೇ ಬತ್ತದೆ. ಈ ಕೈ ಇಟ್ಕಂಡು ನಾನು ಸಾಲ ತೀರ್ಸ್ತೀನಾ? ನಿಂಗೆ ಮನಸ್ಸಿಗೆ ಚುಚ್ತಾ ಅದೆ ಅಂತ ನನ್ ತಲೆ ಮೇಲೆ ಸಾಲ ಹಾಕ್ಬೇಡ.’

ನನ್ನ ಬಾಯಿ ಕಟ್ಟಿತು. ಅವಳು ಹೇಳಿದ್ದು ಸರಿಯಾಗಿತ್ತು. ನಾನು ತುಂಬಲು ಹೊರಟಿದ್ದು ಅವಳ ಅರ್ಜಿಯನ್ನಲ್ಲ, ನನ್ನದನ್ನು. ಅಪ್ಪನ ಹೆಸರನ್ನೇ ಹಾಕಿಸಿದೆವು. ಬೆರಳಚ್ಚಿನ ಯಂತ್ರ ಅಪ್ಪನ ಹೆಬ್ಬೆರಳನ್ನು ನಾಲ್ಕು ಸಲ ತಳ್ಳಿಹಾಕಿತು. ಕೆಂಡ, ಕಬ್ಬಿಣ ಮುಟ್ಟಿ ಮುಟ್ಟಿ ಗೆರೆಗಳೇ ಮಾಸಿಹೋಗಿದ್ದವು. ಕೊನೆಗೆ ಎಡಗೈಯ ಕಿರುಬೆರಳು ಹಿಡಿಯಿತು.

ನವೆಂಬರ್ ಬಂತು. ಮಳೆ ಚೆನ್ನಾಗಿತ್ತು, ರಾಗಿ ಎದ್ದು ನಿಂತಿತ್ತು, ಎಷ್ಟೋ ಹೊಲಗಳಲ್ಲಿ ನೆಲಕ್ಕೆ ಮಲಗಿಯೂ ಇತ್ತು. ಮಲಗಿದ ರಾಗಿಗೆ ಯಂತ್ರ ಬರುವುದಿಲ್ಲ, ಕುಡುಗೋಲೇ ಬೇಕು. ಕೇಳಿಕೊಂಡು ಜನ ಮನೆಯವರೆಗೂ ಬಂದರು. ಹೊಡೆಯಲು ಆಳಿಲ್ಲ. ಸಂಬಳವಿಲ್ಲದ ಹತ್ತು ದಿನದ ರಜೆ ಹಾಕಿ ನಾನು ಸಮ್ಮಟಿಗೆ ಎತ್ತಿದೆ.

ಹುಟ್ಟಿದಾಗಿನಿಂದ ಕೇಳಿದ ಸದ್ದು ಅಂತ ನನಗೊಂದು ಧೈರ್ಯ. ಮೊದಲ ದಿನವೇ ಅದು ಇಳಿಯಿತು. ಅಪ್ಪ ತೋರಿಸಿದ ಕಡೆ ನನ್ನ ಪೆಟ್ಟು ಬೀಳುತ್ತಿರಲಿಲ್ಲ. ಬಿದ್ದರೂ ವಾರೆಯಾಗಿ ಬಿದ್ದು ಅಲಗಿನಲ್ಲಿ ತಗ್ಗು ಮೂಡುತ್ತಿತ್ತು. ಬಲದಿಂದ ಹೊಡೆಯುತ್ತಿದ್ದೆ. ಮೂಲೆಯಲ್ಲಿ ಮಣೆಯ ಮೇಲೆ ಕೂತು ಬಲಗೈಯಲ್ಲಿ ಗಾಳಿಚಕ್ರ ತಿರುಗಿಸುತ್ತಿದ್ದ ಅವ್ವ ಹೇಳಿದಳು. ‘ಹೊಡೀಬೇಡ. ಎತ್ತು, ಬುಡು. ಅದೇ ಬೀಳ್ತದೆ.’ ಎತ್ತುವುದಷ್ಟೇ ನಮ್ಮ ಕೆಲಸ, ಬೀಳುವುದು ಅದರ ಕೆಲಸ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟು ದಿನದಲ್ಲಿ ಗೊತ್ತಾಯಿತು ಅಂತ ಕೇಳಿದೆ. ‘ಎರಡು ವರ್ಷ ಆಯ್ತು’ ಅಂದಳು.

ನೀರು ಕುಡಿಸುವ ಹೊತ್ತಿಗೆ ಅಪ್ಪ ಬಾಗಿಲು ಮುಂದೆ ಮಾಡಿ ಕತ್ತಲು ಮಾಡಿಕೊಳ್ಳುತ್ತಾರೆ, ಬಣ್ಣ ಸರಿಯಾಗಿ ಕಾಣಬೇಕು ಅಂತ. ತೊಂಡೆಹಣ್ಣಿನ ಕೆಂಪು ಬಂದಾಗ ಅಂಚನ್ನು ಮಾತ್ರ ನೀರಿಗೆ ಅದ್ದಿ, ತೆಗೆದು, ಕಲ್ಲಿನಿಂದ ಉಜ್ಜಿ ಹೊಳಪು ತಂದು ಕಾಯುತ್ತಾರೆ. ಬೆನ್ನಲ್ಲಿ ಉಳಿದ ಕಾವು ಅಂಚಿನ ಕಡೆ ಹರಿದು ಬರುತ್ತದೆ. ಒಣಹುಲ್ಲಿನ ಬಣ್ಣ, ಬೆಲ್ಲದ ಬಣ್ಣ, ಆಮೇಲೆ ನೇರಳೆ. ಬೆಲ್ಲ ದಾಟಿ ನೇರಳೆಗೆ ತಿರುಗುವ ಆ ಸಂದಿಯಲ್ಲಿ ಮತ್ತೆ ನೀರಿಗೆ ಹಾಕಬೇಕು. ಮೊದಲೇ ಹಾಕಿದರೆ ಅಂಚು ಮುರಿಯುತ್ತದೆ, ತಡವಾದರೆ ಮೆತ್ತಗಾಗುತ್ತದೆ. ಅಪ್ಪನ ಕಣ್ಣಿಗೆ ಪೊರೆ ಬರುತ್ತಿದೆ. ‘ಹಾಕಿ’ ಅಂತ ಹೇಳುವುದು ಈಗ ಅವ್ವ. ಎಂದಿನಿಂದ ಅಂತ ನಾನು ಕೇಳಲಿಲ್ಲ, ಇಬ್ಬರೂ ಹೇಳಲಿಲ್ಲ.

ಹತ್ತು ದಿನದಲ್ಲಿ ಅರವತ್ತೆರಡು ಕುಡುಗೋಲು ಆದವು. ಅವ್ವ ಇದ್ದಿದ್ದರೆ ನೂರೈವತ್ತು ಆಗುತ್ತಿದ್ದವು. ಅದರಲ್ಲಿ ಎರಡು ಎಡಗೈಯವು, ಅವ್ವನ ಹಟಕ್ಕೆ.

ಸಂತೆಯ ದಿನ ಗೋಣಿಚೀಲ ಹಾಸಿದೆವು. ಅವ್ವ ಈ ಸಲ ಕುಡುಗೋಲುಗಳನ್ನು ಎರಡು ಸಾಲು ಮಾಡಿದಳು. ಹೋದ ವರ್ಷ ಬರಗಾಲದಲ್ಲಿ ಮಾರದೆ ಉಳಿದವು ಒಂದು ಸಾಲು, ಹೊಸವು ಇನ್ನೊಂದು ಸಾಲು. ಯಾಕೆ ಬೇರೆ ಬೇರೆ ಅಂತ ನನಗೆ ಅರ್ಥವಾಗಲಿಲ್ಲ. ಮೊದಲ ಗಿರಾಕಿ ಬಂದರು, ವಯಸ್ಸಾದವರು, ಹೆಗಲ ಮೇಲೆ ಟವೆಲ್ಲು. ಹೊಸ ಸಾಲಿನಿಂದ ಒಂದನ್ನು ಎತ್ತಿ ಉಗುರಿನಿಂದ ಚಿಮ್ಮಿದರು, ಹೆಬ್ಬೆರಳಲ್ಲಿ ಸವರಿದರು.

‘ಇದೆಷ್ಟವ್ವ?’

‘ಅದು 130. ಈ ಸಾಲು 150.’

‘ಯಾಕೆ, ಎರಡೂ ನಿಮ್ ಆಚಾರ್ರು ಮಾಡಿದ್ದೇ ಅಲ್ವಾ?’

‘ಅದು ನನ್ ಮಗಳು ಹೊಡ್ದಿರಾದು. ಹದ ಚೆನ್ನಾಗದೆ, ಮೈ ಒಂಚೂರು ಏರುಪೇರು. ಕಲೀತಾವ್ಳೆ.’

ಅವರು ನನ್ನನ್ನು ನೋಡಿದರು. ನನ್ನ ಅಂಗೈಯ ಬೊಕ್ಕೆಗಳಿಗೆ ಸುತ್ತಿದ್ದ ಬಟ್ಟೆಯನ್ನೂ ನೋಡಿದರು. ಆಮೇಲೆ ಇನ್ನೊಂದು ಸಾಲಿನಿಂದ ಒಂದನ್ನು ಎತ್ತಿಕೊಂಡು ಚಿಮ್ಮಿದರು.

‘ಮತ್ತೆ ಇವು ಯಾರು ಹೊಡ್ದಿದ್ದು?’

ಅವ್ವ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು, ಮಡಿಲ ಮೇಲಿಟ್ಟುಕೊಂಡಳು.

‘ನಾನು’ ಅಂದಳು. ‘150. ಬೋಣಿ, ಚೌಕಾಸಿ ಮಾಡ್ಬೇಡಿ.’